ಎರಡನೇ ಮಹಡಿಯಲ್ಲಿ ನಿಂತ ಹಳದಿ ಬಾಗಿಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮ್ಯೂಸಿಯಮ್ಮಿನ ಹಿಂಬಾಗಿಲಲ್ಲಿ ರಿಜಿಸ್ಟರಿಗೆ ಸಹಿ ಹಾಕುವಾಗ ಪುಟ್ಟಿಯ ಕೈ ಒಂದಿಷ್ಟೂ ನಡುಗಲಿಲ್ಲ. ಅವಳಿಗೇ ಸೋಜಿಗವಾಯಿತು. ಹತ್ತೊಂಬತ್ತು ವರ್ಷ ಲಿಫ್ಟು ರಿಪೇರಿ ಮಾಡಿಕೊಂಡು ಬದುಕಿದವಳು, ಬಸ್ಸಿನಲ್ಲಿ ಕಂಡಕ್ಟರ್ ಮರೆತರೂ ಕೂಗಿ ಕರೆದು ಟಿಕೆಟ್ ತೆಗೆದುಕೊಳ್ಳುವವಳು, ಈವತ್ತು ಒಂದು ಚಿತ್ರ ಕದಿಯಲು ಬಂದಿದ್ದಳು. ಕೈ ನಡುಗಬೇಕಿತ್ತು. ಅದರ ಬದಲು ಸ್ಕೂಲಿಗೆ ಚಕ್ಕರ್ ಹೊಡೆದು ಸಿನಿಮಾಕ್ಕೆ ಹೋದ ದಿನದ ಹಾಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

"ಇವರು ಯಾರು?" ವಾಚ್‌ಮನ್ ಅವಳ ಬೆನ್ನ ಹಿಂದಿದ್ದ ಮುದುಕರನ್ನು ಮೇಲಿಂದ ಕೆಳಗೆ ನೋಡಿದ.

"ಹೆಲ್ಪರ್."

"ಈ ವಯಸ್ಸಲ್ಲಾ?"

"ಈಗಿನ ಹುಡುಗರು ಗ್ರೀಸ್ ಮುಟ್ತಾರೇನ್ರೀ? ಸಿಕ್ಕವರನ್ನ ಕರ್ಕೊಂಡು ಬಂದೆ."

ಹೆಲ್ಪರ್ ಅನ್ನಿಸಿಕೊಂಡವರು ಡ್ರಾಯಿಂಗ್ ಮೇಷ್ಟ್ರು. ರಿಟೈರಾಗಿ ಎಂಟು ವರ್ಷವಾಗಿತ್ತು. ಪುಟ್ಟಿಯದೇ ಹಳೆಯ ನೀಲಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ಹಾಕಿಕೊಂಡು, ಕಂಕುಳಲ್ಲಿ ಒಂದು ಚಪ್ಪಟೆ ಚೀಲ ಹಿಡಿದು, ಹೆಲ್ಪರ್ ಎಂದರೆ ಹೇಗಿರಬೇಕೋ ತಿಳಿಯದೆ ಸುಮ್ಮನೆ ಕೆಮ್ಮುತ್ತಿದ್ದರು. ಒಂದಾನೊಂದು ಕಾಲಕ್ಕೆ ಪುಟ್ಟಿಗೆ ಪಾಠ ಮಾಡಿದವರೇ. ಅವಳು ಬರೆದ ಕುದುರೆಯನ್ನು ನೋಡಿ "ಕುರ್ಚಿ ಚೆನ್ನಾಗಿ ಬಂದಿದೆ" ಎಂದು ಬೆನ್ನು ತಟ್ಟಿದ್ದರು. ಅದನ್ನು ಪುಟ್ಟಿ ಈ ನಲವತ್ತನಾಲ್ಕನೆಯ ವಯಸ್ಸಿನವರೆಗೂ ಮರೆತಿರಲಿಲ್ಲ.

ಚೀಲದಲ್ಲಿದ್ದದ್ದು ಮೇಷ್ಟ್ರು ನಕಲು ಮಾಡಿದ 'ಹಳದಿ ಬಾಗಿಲು'.

ಅಸಲಿ 'ಹಳದಿ ಬಾಗಿಲು' ಮೂರನೇ ಮಹಡಿಯಲ್ಲಿತ್ತು. ಬರೆದವನು ಸತ್ತು ನೂರು ವರ್ಷ ದಾಟಿತ್ತು. ಅರ್ಧ ತೆರೆದ ಹಳದಿ ಬಾಗಿಲು, ನಮಗೆ ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು, ಅವಳ ಕೈಯಲ್ಲೊಂದು ಬೀಗದ ಕೈ ಗೊಂಚಲು, ಚಿತ್ರದಲ್ಲಿ ಇದ್ದದ್ದು ಇಷ್ಟೇ. ಅವಳು ಒಳಗೆ ಹೊರಟಿದ್ದಾಳೋ ಹೊರಗೆ ಬರುತ್ತಿದ್ದಾಳೋ ಯಾರಿಗೂ ಹೇಳಲಾಗುತ್ತಿರಲಿಲ್ಲ. ಅದಕ್ಕೇ ಅದಕ್ಕೆ ಅಷ್ಟು ಬೆಲೆ ಎಂದು ಭಾವ ಹೇಳಿದ್ದರು.

ಈ ಕೆಲಸಕ್ಕೆ ಪುಟ್ಟಿಯನ್ನು ಎಳೆದವರೂ ಭಾವನೇ. ಅವಳ ಅಕ್ಕನ ಗಂಡ. ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ ಅವರದು, ಮ್ಯೂಸಿಯಮ್ಮಿನ ಕಟ್ಟಿನ ಕೆಲಸವೆಲ್ಲ ಅವರಿಗೇ. ಅಮ್ಮ ಸತ್ತಾಗ ಪುಟ್ಟಿಗೆ ಒಂಬತ್ತು ವರ್ಷ, ಅಕ್ಕನಿಗೆ ಇಪ್ಪತ್ತು. ಅಲ್ಲಿಂದ ಈಚೆಗೆ ಅಕ್ಕನೇ ತಾಯಿ. ಆ ಲೆಕ್ಕದಲ್ಲಿ ಭಾವ ತಂದೆಯ ಜಾಗದಲ್ಲಿದ್ದರು. ಮೂರು ವಾರದ ಹಿಂದೆ ಅಕ್ಕ ಹೊಲಿದ ಬಟ್ಟೆ ಕೊಟ್ಟುಬರಲು ಹೋದಾಗ, ಭಾವ ಚಹಾದ ಲೋಟವನ್ನು ಪುಟ್ಟಿಯ ಮುಂದಿಟ್ಟು, ಆ ಚಿತ್ರ ನಿಜಕ್ಕೂ ತಮ್ಮ ತಾತನದೆಂದೂ ಮ್ಯೂಸಿಯಮ್ಮಿನವರು ಮೋಸದಿಂದ ಹೊಡೆದುಕೊಂಡರೆಂದೂ ಕಣ್ಣಂಚು ಒದ್ದೆಯಾಗುವ ಹಾಗೆ ಹೇಳಿದ್ದರು. ಪುಟ್ಟಿ ಅರ್ಧ ನಂಬಿದಳು. ಉಳಿದರ್ಧ ನಂಬುವ ಗೋಜಿಗೇ ಹೋಗಲಿಲ್ಲ. ಏಕೆಂದರೆ ಭಾವ ಮಾತು ಮುಗಿಸುವಷ್ಟರಲ್ಲೇ ಅವಳ ತಲೆ ಕೆಲಸ ಶುರು ಮಾಡಿಬಿಟ್ಟಿತ್ತು. ಸಾಮಾನಿನ ಲಿಫ್ಟು, ಎರಡನೇ ಮಹಡಿಯ ಉಗ್ರಾಣ, ಆ ಉಗ್ರಾಣದಲ್ಲಿ ಬೀರುವಿನ ಹಿಂದೆ ಮುಚ್ಚಿಹೋಗಿರುವ ಹಳೆಯ ಲಿಫ್ಟು ಬಾಗಿಲು. ಅಂಥದೊಂದು ಬಾಗಿಲಿದೆ ಎಂದು ಗೊತ್ತಿದ್ದವಳು ಊರಿಗೆಲ್ಲ ಅವಳೊಬ್ಬಳೇ.

"ನಿಮ್ಮ ಅಂಗಡಿಗೇ ತರಿಸ್ಕೊಂಡು ಬದಲಾಯಿಸಬಹುದಲ್ಲ ಭಾವ?" ಎಂದು ಕೇಳಿದ್ದಳು.

"ಎರಡು ವರ್ಷದಿಂದ ಏನನ್ನೂ ಹೊರಗೆ ಕಳಿಸ್ತಿಲ್ಲ ಪುಟ್ಟಿ. ಹೊಸ ರೂಲ್ಸು. ನಾನೇ ಅಲ್ಲಿಗೆ ಹೋಗಿ ಕಟ್ಟು ಬಿಚ್ಚಿ ಕೊಡ್ಬೇಕು."

ಹಾಗಾಗಿ ಯೋಜನೆ ಹೀಗಿತ್ತು. ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಚಿತ್ರದ ಫೋಟೋ ತೆಗೆಯಬೇಕೆಂದು ಭಾವ ಮೂರನೇ ಮಹಡಿಯಲ್ಲಿ ಅದರ ಕಟ್ಟು ಬಿಚ್ಚಿ, ಚಪ್ಪಟೆ ಪೆಟ್ಟಿಗೆಗೆ ಹಾಕಿ, ಮ್ಯೂಸಿಯಮ್ಮಿನ ಮುಖ್ಯಸ್ಥೆಯ ಎದುರಲ್ಲೇ ಸಾಮಾನಿನ ಲಿಫ್ಟಿಗೆ ಇಡುತ್ತಾರೆ. ಎಲ್ಲರೂ 'ಮೇಡಂ' ಎಂದೇ ಕರೆಯುತ್ತಿದ್ದ ಆಕೆಗೆ ಕಳ್ಳತನದ ಗಾಳಿಯೂ ಸೋಕಿಲ್ಲ ಎಂದು ಭಾವ ಆಣೆ ಮಾಡಿದ್ದರು. ಲಿಫ್ಟಿನಲ್ಲಿ ಮನುಷ್ಯರು ಹೋಗುವಂತಿಲ್ಲ, ಮಂಡಿ ಮಡಚಿ ಕೂತರೂ ತಲೆ ತಾಗುವಷ್ಟು ಸಣ್ಣ ಗೂಡು ಅದು. ಅವರಿಬ್ಬರೂ ಮೆಟ್ಟಿಲಿಳಿದು ನೆಲಮಹಡಿಗೆ ಬರುವಷ್ಟರಲ್ಲಿ ಪುಟ್ಟಿ ಗೂಡನ್ನು ಎರಡನೇ ಮಹಡಿಯಲ್ಲಿ ನಿಲ್ಲಿಸಿ, ಅಸಲಿ ತೆಗೆದು ನಕಲಿ ಇಟ್ಟು ಕೆಳಗೆ ಬಿಡಬೇಕು. ಮೂರು ನಿಮಿಷದ ಕೆಲಸ.

ಉಗ್ರಾಣದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಇಬ್ಬರೂ ಸೇರಿ ಬೀರುವನ್ನು ಜರುಗಿಸಿದರು. ಪುಟ್ಟಿ ಹಳೆಯ ಬಾಗಿಲಿನ ನಾಲ್ಕು ಬೋಲ್ಟು ಬಿಚ್ಚಿದಳು. ಲಿಫ್ಟಿನ ಬಾವಿ ಕತ್ತಲಾಗಿ ಬಾಯ್ದೆರೆಯಿತು, ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಅವಳಿಗೆ ಅದು ಮನೆಯ ವಾಸನೆ.

ಹನ್ನೊಂದಕ್ಕೆ ಸರಿಯಾಗಿ ಮೇಲೆ ಕಂಬಿ ಬಾಗಿಲು ಖಣ್ ಎಂದಿತು. ಮೋಟಾರು ಗುಂಯ್‌ಗುಟ್ಟಿತು. ಉಕ್ಕಿನ ಹಗ್ಗ ಅವಳ ಕಣ್ಣೆದುರೇ ಇಳಿಯತೊಡಗಿತು. ಮೊದಲು ಗೂಡಿನ ತಳ ಕಾಣಿಸಿತು, ನಂತರ ಅಂಚು. ಈಗ! ಪುಟ್ಟಿ ಕಂಟ್ರೋಲ್ ಪೆಟ್ಟಿಗೆಯ ಕೆಂಪು ಸ್ವಿಚ್ಚು ಒತ್ತಿದಳು. ಗೂಡು ಒಂದು ಸಲ ಬಿಕ್ಕಳಿಸಿ, ಉಗ್ರಾಣದ ನೆಲಕ್ಕೆ ಸಮವಾಗಿ ನಿಂತಿತು. ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಬ್ಬಾ!" ಎಂದರು ಮೇಷ್ಟ್ರು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೆಲಸಕ್ಕೆ ಯಾರೂ ಅಬ್ಬಾ ಎಂದಿರಲಿಲ್ಲ.

ಪೆಟ್ಟಿಗೆಯನ್ನು ಎಳೆದು ನೆಲದ ಮೇಲಿಟ್ಟು, ಮುಚ್ಚಳ ತೆಗೆದು, ಮೇಲಿನ ಹತ್ತಿ ಬಟ್ಟೆ ಸರಿಸಿದರು. ಹಳದಿ ಬಾಗಿಲು. ಬೆನ್ನು ಹಾಕಿದ ಹೆಂಗಸು. ಮೇಷ್ಟ್ರು ಬಗ್ಗಿ ನೋಡಿದರು. ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಬೇಗ ಮೇಷ್ಟ್ರೇ!"

"ಇದು ಅದಲ್ಲ."

"ಏನದಲ್ಲ?"

"ಪುಟ್ಟಿ, ಇದೂ ನಂದೇ."

ಅವಳಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ಬೆರಳಿನಿಂದ ಬೀಗದ ಕೈ ಗೊಂಚಲು ತೋರಿಸಿದರು. "ಈ ಮೂರನೇ ಕೀಲಿ ನೋಡು. ಹಲ್ಲು ಬರೆಯುವಾಗ ನನ್ನ ಕೈ ಜಾರಿತ್ತು, ಮೇಲೆ ಬಣ್ಣ ಹಚ್ಚಿ ಮುಚ್ಚಿದ್ದೆ. ಎರಡು ವರ್ಷದ ಹಿಂದೆ ನಿಮ್ಮ ಭಾವ ಬಂದು, ಯಾರೋ ಸಾಹುಕಾರರ ಊಟದ ಕೋಣೆಗೆ ಬೇಕು ಅಂತ ಬರೆಸಿಕೊಂಡು ಹೋಗಿದ್ರು. ಈಗ ಎರಡನೇದು ಕೇಳಿದಾಗ, ಮೊದಲನೇದು ಹಾಳಾಯ್ತು ಅಂದ್ರು. ಅದು ಇಲ್ಲಿ ಹೇಗೆ ಬಂತು?"

ಪುಟ್ಟಿಯ ತಲೆಯಲ್ಲಿ ಗಾಲಿಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಮೊದಲೇ ಲಿಫ್ಟಿನ ಬಾವಿಯಿಂದ ಮಾತು ಕೇಳಿಸಿತು. ಆ ಬಾವಿಯ ಗುಣವೇ ಹಾಗೆ. ಕೆಳಗಿನ ಕಂಬಿ ಬಾಗಿಲ ಮುಂದೆ ಪಿಸುಗುಟ್ಟಿದರೂ ಮೇಲೆ ಕಿವಿಯಲ್ಲಿ ಹೇಳಿದ ಹಾಗಿರುತ್ತದೆ. ಲಿಫ್ಟು ರಿಪೇರಿಯವರಿಗಲ್ಲದೆ ಬೇರೆಯವರಿಗೆ ಅದು ಗೊತ್ತಿರುವುದಿಲ್ಲ.

"ನಿಂತಿದೆ. ಬದಲಾಯಿಸ್ತಾ ಇದ್ದಾಳೆ ಅಂತ ಕಾಣುತ್ತೆ." ಅದು ಮೇಡಂ ದನಿ.

"ನಮ್ಮ ನಾದಿನಿ ಕೆಲಸದಲ್ಲಿ ಗಡಿಯಾರ ಇದ್ದ ಹಾಗೆ ಮೇಡಂ." ಭಾವನ ದನಿ.

"ಪೊಲೀಸರಿಗೆ ಹನ್ನೊಂದೂವರೆಗೆ ಬನ್ನಿ, ಅನುಮಾನ ಇದೆ ಅಂತ ಹೇಳಿದ್ದೀನಿ. ಕೆಳಗೆ ಬಂದದ್ದೂ ನಕಲಿ, ಅವಳ ಹತ್ರ ಸಿಕ್ಕಿದ್ದೂ ನಕಲಿ. ಅಸಲಿನ ಆಗಲೇ ಸಾಗಿಸಿಬಿಟ್ಟಿದ್ದಾರೆ ಅಂತ ನಾನು ಎದೆ ಬಡ್ಕೋತೀನಿ. ಮುಂದಿನ ವಾರ ಚಿತ್ರ ಅಸಲಿಯೋ ಅಂತ ನೋಡೋಕೆ ಪರೀಕ್ಷಕರು ಮೆಷೀನ್ ತಗೊಂಡು ಬಂದ್ರೆ, ಪರೀಕ್ಷೆ ಮಾಡೋಕೆ ಗೋಡೆ ಮೇಲೆ ಚಿತ್ರವೇ ಇರಲ್ಲ."

"ಎರಡು ವರ್ಷದ ಹೆದರಿಕೆ ಈವತ್ತಿಗೆ ಮುಗೀತು ಬಿಡಿ."

"ಪಾಪ ಅನ್ನಿಸಲ್ವೇನ್ರೀ ನಿಮಗೆ?"

ಭಾವ ಸಣ್ಣಗೆ ನಕ್ಕರು. "ಗಂಡ ಮಕ್ಕಳು ಅಂತ ಯಾರಿದ್ದಾರೆ ಅವಳಿಗೆ? ಒಂದೆರಡು ವರ್ಷ ಒಳಗಿದ್ದು ಬರ್ತಾಳೆ. ಹೊರಗಿದ್ರೂ ಅವಳು ಕತ್ತಲೆ ಗುಂಡಿಯಲ್ಲೇ ತಾನೇ ಇರೋದು."

ಪುಟ್ಟಿ ಸ್ಪ್ಯಾನರನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಅದರ ಅಚ್ಚು ಮೂಡಿತು. ಅಳು ಬರುತ್ತದೆಂದುಕೊಂಡಳು. ಬರಲಿಲ್ಲ. ಬಂದದ್ದು ಬೆಂಕಿಯಂಥ ಸಿಟ್ಟು, ಅದರ ಹಿಂದೆಯೇ, ನಾಚಿಕೆಯಾಗುವಂತೆ, ಇನ್ನೊಂದು ಜುಮ್ಮು. ಆಟ ಈಗ ಶುರುವಾಗಿತ್ತು.

"ನಮ್ಮನ್ನ ಹಳ್ಳಕ್ಕೆ ತಳ್ಳಿದ್ರಲ್ಲಮ್ಮಾ," ಮೇಷ್ಟ್ರು ನೆಲಕ್ಕೆ ಕುಸಿದು ಕೂತರು. "ಹಳೇದನ್ನೇ ವಾಪಸ್ ಇಟ್ಟು ಕೆಳಗೆ ಬಿಟ್ಟುಬಿಡು. ಏನೂ ಕಳುವಾಗಿಲ್ಲ ಅಂತಾಗುತ್ತೆ."

"ಮುಂದಿನ ವಾರ ಅದು ನಕಲಿ ಅಂತ ಗೊತ್ತಾದಾಗ? ರಿಜಿಸ್ಟರಿನಲ್ಲಿ ಈವತ್ತಿನ ತಾರೀಖಿಗೆ ನನ್ನ ಸಹಿ ಇದೆ ಮೇಷ್ಟ್ರೇ. ತಲೆಗೆ ಕಟ್ಟೋದು ನನಗೇ."

ಅವಳು ಬಾವಿಗೆ ಬಾಯಿಟ್ಟು ಕೂಗಿದಳು. "ಮೇಡಂ! ಹಗ್ಗ ಗಾಲಿಯಿಂದ ಜಾರಿದೆ! ಯಾರೂ ಬಾಗಿಲು ಮುಟ್ಬೇಡಿ, ಗೂಡು ತಲೆ ಮೇಲೆ ಬೀಳುತ್ತೆ! ಅರ್ಧ ಗಂಟೆ ಬೇಕು!"

ಕೆಳಗೆ ಇಬ್ಬರೂ ಹಿಂದಕ್ಕೆ ಹಾರಿದ ಸಪ್ಪಳ ಕೇಳಿಸಿತು. ಲಿಫ್ಟಿನ ವಿಷಯದಲ್ಲಿ ಲೋಕದಲ್ಲಿ ಎಲ್ಲರೂ ಅಂಜುಬುರುಕರೇ. ಅದು ಅವಳ ಕಸುಬಿನ ದೊಡ್ಡ ಅನುಕೂಲ.

ಆಮೇಲೆ ಅಕ್ಕನಿಗೆ ಫೋನು ಮಾಡಿದಳು. ಯಾಕೆ ಮಾಡಿದಳೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಒಂಬತ್ತನೇ ವಯಸ್ಸಿನಿಂದ, ಬಿದ್ದು ಮಂಡಿ ತರಚಿಕೊಂಡಾಗೆಲ್ಲ ಮೊದಲು ಓಡಿದ್ದು ಅಲ್ಲಿಗೇ.

"ಏನೇ ಇದು, ಕೆಲಸದ ಹೊತ್ತಲ್ಲಿ?" ಅಕ್ಕನ ಹಿಂದೆ ಹೊಲಿಗೆ ಮೆಷೀನು ಟಕಟಕ ಎನ್ನುತ್ತಿತ್ತು.

"ಅಕ್ಕ, ಮೆಷೀನು ನಿಲ್ಲಿಸು. ನಾನೊಂದು ಕೆಟ್ಟ ಕೆಲಸ ಮಾಡಿದ್ದೀನಿ. ಬೈಬೇಡ, ಪೂರ್ತಿ ಕೇಳು."

ಒಂದೇ ಉಸಿರಿನಲ್ಲಿ ಹೇಳಿದಳು. ಚಿತ್ರ, ಲಿಫ್ಟು, ಮೇಷ್ಟ್ರ ಎರಡು ನಕಲು, ಬಾವಿಯಲ್ಲಿ ಕೇಳಿದ ಮಾತು ಎಲ್ಲ ಹೇಳಿ, 'ಗಂಡ ಮಕ್ಕಳು ಯಾರಿದ್ದಾರೆ' ಎಂದದ್ದನ್ನು ಮಾತ್ರ ನುಂಗಿಕೊಂಡಳು. ಮೆಷೀನು ಯಾವಾಗಲೋ ನಿಂತಿತ್ತು.

"ಅಕ್ಕ? ಇದ್ದೀಯಾ?"

"ಎರಡು ವರ್ಷದ ಹಿಂದೆ ಅಂದ್ಯಾ?" ಅಕ್ಕನ ದನಿ ಬೇರೆಯದಾಗಿತ್ತು. "ತಡಿ."

ಕುರ್ಚಿ ಎಳೆದ ಸದ್ದಾಯಿತು, ಅದರ ಮೇಲೆ ಹತ್ತಿದ ಸದ್ದು, ಏನೋ ಜರುಗಿಸಿದ ಸದ್ದು. ಕತ್ತರಿ ಕರಕರ ಎಂದು ದಪ್ಪ ಬಟ್ಟೆ ಸೀಳಿತು. ಪುಟ್ಟಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಳು.

"ಅಟ್ಟದ ಮೇಲೆ ಒಂದು ಕಟ್ಟು ಇಟ್ಟಿದ್ರು. ಬೆಲ್ಜಿಯಂ ಕನ್ನಡಿ, ಗಿರಾಕಿ ವಾಪಸ್ ಕೇಳ್ತಾನೆ, ಮುಟ್ಬೇಡ ಒಡೆಯುತ್ತೆ ಅಂದಿದ್ರು. ಎರಡು ವರ್ಷ ಧೂಳು ಹೊಡೆಯೋಕೂ ಬಿಟ್ಟಿಲ್ಲ." ಬಟ್ಟೆ ಸರಿಸಿದ ಸದ್ದು ಕೇಳಿಸಿತು. "ಹಳದಿ ಬಾಗಿಲು. ಬೆನ್ನು ಹಾಕ್ಕೊಂಡು ಒಬ್ಬಳು ನಿಂತಿದ್ದಾಳೆ. ಹಿಂದುಗಡೆ ಮ್ಯೂಸಿಯಮ್ಮಿನ ಸೀಲ್ ಇದೆ. ಇದೇನಾ?"

"ಅಕ್ಕ... ತರ್ತೀಯಾ?"

ಅಕ್ಕ ಏನನ್ನು ತರಬೇಕೆಂದು ಅವಳು ಕೇಳುತ್ತಿದ್ದಾಳೆಂಬುದು ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಸಂಸಾರವನ್ನು ಕಂಬಳಿಯಲ್ಲಿ ಸುತ್ತಿ ಟ್ಯಾಕ್ಸಿಗೆ ಹಾಕು ಎಂದಂತೆ.

"ಹತ್ತು ನಿಮಿಷ," ಎಂದಳು ಅಕ್ಕ. "ಹಿಂಬಾಗಿಲು ತಾನೆ?"

ಫೋನು ಇಡುವಷ್ಟರಲ್ಲಿ ಉಗ್ರಾಣದ ಬಾಗಿಲು ಟಕ್ ಟಕ್ ಎಂದಿತು. ಮೇಷ್ಟ್ರು ಬಾಯಿಗೆ ಅಂಗೈ ಮುಚ್ಚಿಕೊಂಡರು.

"ಪುಟ್ಟೀ, ನಾನೇ. ಏನಾಯ್ತು?" ಹೊರಗೆ ಭಾವನ ಪಿಸುಮಾತು.

"ಹಗ್ಗ ನಿಜವಾಗ್ಲೂ ಜಾರಿದೆ ಭಾವ. ಒಳಗೆ ಬರ್ಬೇಡಿ, ನೆಲದಲ್ಲೆಲ್ಲ ಎಣ್ಣೆ."

"ಚಿತ್ರ ನಿನ್ನ ಚೀಲಕ್ಕೆ ಹಾಕ್ಕೊಂಡ್ಯಾ?"

"ಹಾಕ್ಕೊಂಡೆ."

"ಅಲ್ಲೇ ಭದ್ರವಾಗಿರ್ಲಿ. ಗಾಬರಿ ಆಗ್ಬೇಡ. ನೀನು ನಮ್ಮನೆ ಮಗಳಿದ್ದ ಹಾಗೆ, ನಿನಗೆ ತೊಂದರೆ ಆಗೋಕೆ ಬಿಡ್ತೀನಾ?"

"ಗೊತ್ತು ಭಾವ," ಎಂದಳು ಪುಟ್ಟಿ. ಆ ಎರಡು ಮಾತು ಹೇಳುವುದು ಇಡೀ ದಿನದಲ್ಲಿ ಅತಿ ಕಷ್ಟದ ಕೆಲಸವಾಯಿತು.

ಭಾವನ ಚಪ್ಪಲಿ ಸದ್ದು ಕೆಳಗಿಳಿಯಿತು. ಮೇಷ್ಟ್ರು ಎದ್ದು ನಿಂತಿದ್ದರು. ಮುಖದಲ್ಲಿ ಹೊಸ ಕಳೆ. "ನಿನ್ನ ಹತ್ರ ಮಾರ್ಕರ್ ಪೆನ್ನು ಇದೆಯಾ? ಅಳಿಸಿಹೋಗದೇ ಇರೋದು."

"ಪೈಪಿನ ಮೇಲೆ ಗುರುತು ಹಾಕೋದಿದೆ. ಯಾಕೆ?"

"ನಕಲು ಬರೆಯೋದು ತಪ್ಪಲ್ಲ ಪುಟ್ಟಿ. ನಕಲನ್ನ ಅಸಲಿ ಅನ್ನೋದು ತಪ್ಪು." ಅವರು ಎರಡೂ ನಕಲುಗಳನ್ನು ಗೋಡೆಗೆ ಒರಗಿಸಿ, ಎರಡರ ಕೆಳಗೂ ದಪ್ಪಗೆ ತಮ್ಮ ಹೆಸರು, ಅದರ ಕೆಳಗೆ 'ನೋಡಿ ಬರೆದದ್ದು' ಎಂದು ದುಂಡಗಿನ ಅಕ್ಷರದಲ್ಲಿ ಬರೆದರು, ಬೋರ್ಡಿನ ಮೇಲೆ ಬರೆಯುವ ಹಾಗೆ. ಬರೆದು ಹಿಂದೆ ಸರಿದು ನಿಂತು, "ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಹೆಸರು ಹಾಕಿದ್ದು" ಎಂದರು.

ಹನ್ನೊಂದು ಇಪ್ಪತ್ತಕ್ಕೆ ಪುಟ್ಟಿ ಹಿಂದಿನ ಮೆಟ್ಟಿಲಿಳಿದು ಓಡಿದಳು. ಕೊನೆಯ ತಿರುವಿನಲ್ಲಿ ಬ್ರೇಕು ಹಾಕಿದಂತೆ ನಿಂತಳು.

ಹಿಂಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಹೊರಗಿನದು. ಎದೆಗವಚಿಕೊಂಡಿದ್ದ ಚಪ್ಪಟೆ ಕಟ್ಟಿಗೆ ಹಸಿರು ಕಂಬಳಿ ಸುತ್ತಿತ್ತು. ಅವಳ ಪಕ್ಕದಲ್ಲೇ ಖಾಕಿ ಬಟ್ಟೆಯ ಇನ್ಸ್‌ಪೆಕ್ಟರ್. ಹತ್ತು ನಿಮಿಷ ಮೊದಲೇ ಬಂದಿದ್ದರು. ಎದುರುಬಾಗಿಲಿಗೆ ಸೋಮವಾರ ಬೀಗವಾದ್ದರಿಂದ ಹಿಂದಿನಿಂದಲೇ ಬಂದಿದ್ದರು. ಹಲ್ಲು ಕೀಳಿಸಿಕೊಂಡು ಸೀದಾ ಡಾಕ್ಟರ ಹತ್ತಿರದಿಂದ ಬಂದಿದ್ದರಿಂದ ಬಾಯಿ ಅರ್ಧ ಮರಗಟ್ಟಿ ಒಂದು ಕೆನ್ನೆ ಊದಿಕೊಂಡಿತ್ತು.

"ಏನಮ್ಮ ಅದು?" ವಾಚ್‌ಮನ್ ಅಕ್ಕನನ್ನು ಕೇಳುತ್ತಿದ್ದ.

"ಲಿಫ್ಟಿಗೆ ಹಲಗೆ. ನನ್ನ ತಂಗಿ ಮರೆತು ಬಂದಿದ್ಲು." ಅಳತೆ ತಪ್ಪಿದ ಬಟ್ಟೆಯ ವಿಷಯದಲ್ಲೂ ಸುಳ್ಳು ಹೇಳದ ಅಕ್ಕ! ಅವಳ ದನಿ ಒಂದಿಷ್ಟೂ ಅಲುಗಲಿಲ್ಲ.

ಮಂಡಿ ನೋವಿನ ಅಕ್ಕ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಓಲಾಡಿದಳು. ಇನ್ಸ್‌ಪೆಕ್ಟರ್ ಕೈ ಚಾಚಿದರು. "ಕೊಡಿ ಅಮ್ಮಾ, ಭಾರ ಇದೆ," ಎಂದರು. ಆದರೆ ಅರ್ಧ ಬಾಯಿಯಿಂದ ಹೊರಟ ಮಾತು ಕೇಳಿಸಿದ್ದು ಹೀಗೆ: "ಕೊಡಿ ಅಮ್ಮಾ, ಭಾವ ಇದೆ."

ಅಕ್ಕನ ಮುಖ ಸುಣ್ಣದಂತಾಯಿತು. ಪುಟ್ಟಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಎಲ್ಲ ಗೊತ್ತಾಗಿಹೋಗಿದೆ!

"ಏನಂದ್ರಿ?" ಅಕ್ಕ ಕೇಳಿದಳು.

ಇನ್ಸ್‌ಪೆಕ್ಟರ್ ಕೆನ್ನೆ ಒತ್ತಿಕೊಂಡು ಬಿಡಿಸಿ ಬಿಡಿಸಿ ಹೇಳಿದರು. "ಭಾ-ರ. ಹಲ್ಲು ತೆಗೆಸಿದ್ದೀನಿ. ಎಷ್ಟನೇ ಮಹಡಿ?"

"ಎ... ಎರಡು."

ಹೀಗೆ, ಎರಡು ವರ್ಷದ ಹಿಂದೆ ಕಳುವಾಗಿದ್ದ 'ಹಳದಿ ಬಾಗಿಲು' ಪೊಲೀಸ್ ಇನ್ಸ್‌ಪೆಕ್ಟರ ತೋಳಿನಲ್ಲಿ ಸುಖವಾಗಿ ಎರಡು ಮಹಡಿ ಹತ್ತಿತು. ಅವರ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ಒಂದೊಂದೇ ಮೆಟ್ಟಿಲಿಗೆ ಉಸಿರು ತೆಗೆದುಕೊಳ್ಳುತ್ತ ಅಕ್ಕ. ಉಗ್ರಾಣದ ಬಾಗಿಲಲ್ಲಿ ಪುಟ್ಟಿ ಕಂಬಳಿಯ ಕಟ್ಟನ್ನು ಇಸಿದುಕೊಂಡು, "ತುಂಬಾ ಉಪಕಾರ ಆಯ್ತು ಸಾರ್. ಮೇಡಂ ಕೆಳಗೆ ಹಾಲಿನಲ್ಲಿದ್ದಾರೆ, ಈ ಕಡೆಯಿಂದ ಇಳೀರಿ" ಎಂದು ಎದುರಿನ ಮೆಟ್ಟಿಲು ತೋರಿಸಿದಳು. ಅವರು ಹೋದ ಮೇಲೆ ಒಳಗೆ ಬಂದು ಚಿಲಕ ಹಾಕಿ, ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ಪುಟ್ಟಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಜೋರಾಗಿಯೇ. ಆಮೇಲೆ ಅದೇ ಬೆನ್ನನ್ನು ಸವರಿದಳು.

ಮೇಷ್ಟ್ರು ಕಂಬಳಿ ಬಿಚ್ಚಿದರು. ಅಸಲಿಯನ್ನು ಗೋಡೆಗೊರಗಿಸಿದ ತಮ್ಮ ಎರಡು ನಕಲುಗಳ ನಡುವೆ ಹಿಡಿದರು. ಪುಟ್ಟಿಗೆ ಚಿತ್ರಕಲೆ ತಿಳಿಯದು. ಆದರೂ ಮೂರನ್ನೂ ಒಟ್ಟಿಗೆ ನೋಡಿದಾಗ ಅವಳಿಗೂ ಗೊತ್ತಾಯಿತು. ಆಚೀಚಿನ ಎರಡರಲ್ಲಿ ಬಣ್ಣವಿತ್ತು. ನಡುವಿನ ಬಾಗಿಲಿನಿಂದ ಬೆಳಕು ಬರುತ್ತಿತ್ತು.

"ಎರಡು ಸಲ ಸೋತಿದ್ದೀನಿ," ಎಂದರು ಮೇಷ್ಟ್ರು. ಸೋತವರ ದನಿಯಲ್ಲಿ ಅಷ್ಟು ಸಂತೋಷವನ್ನು ಪುಟ್ಟಿ ಹಿಂದೆ ಕೇಳಿರಲಿಲ್ಲ.

ಅಸಲಿಯನ್ನು ಪೆಟ್ಟಿಗೆಗೆ, ಪೆಟ್ಟಿಗೆಯನ್ನು ಗೂಡಿಗೆ ಇಟ್ಟರು. ಪುಟ್ಟಿ ಬಾವಿಗೆ ಕೂಗಿದಳು. "ಮೇಡಂ, ಸರಿಹೋಯ್ತು! ಬಿಡ್ತಾ ಇದ್ದೀನಿ!" ಸ್ವಿಚ್ಚು ಒತ್ತಿ, ಗೂಡು ಇಳಿಯತೊಡಗಿದ್ದೇ ಮೂವರೂ ಎದುರಿನ ಮೆಟ್ಟಿಲಿಗೆ ಧಾವಿಸಿದರು. ನಡುವಿನ ತಿರುವಿನಲ್ಲಿ ಅಕ್ಕ "ನೀವು ಹೋಗಿ!" ಎಂದು ಕೂಗಿ ಹಿಂದುಳಿದಳು. ಪುಟ್ಟಿ ಎರಡೆರಡು ಮೆಟ್ಟಿಲು ಹಾರಿದಳು. ಇದನ್ನು ತಪ್ಪಿಸಿಕೊಂಡರೆ ಜನ್ಮಪೂರ್ತಿ ಹಳಹಳಿಸಬೇಕಾಗುತ್ತಿತ್ತು.

ಹಾಲಿನಲ್ಲಿ ಕಂಬಿ ಬಾಗಿಲು ತೆರೆದಿತ್ತು. ಮೇಡಂ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಇನ್ಸ್‌ಪೆಕ್ಟರ ಕಡೆ ತಿರುಗಿ, ಬಾಯಿಪಾಠ ಮಾಡಿದ ಮಾತು ಶುರು ಮಾಡಿಯೇಬಿಟ್ಟಿದ್ದರು.

"ನೋಡಿ ಇನ್ಸ್‌ಪೆಕ್ಟರ್, ಲಿಫ್ಟು ಇಷ್ಟು ಹೊತ್ತು ನಿಂತಾಗಲೇ ನನಗೆ ಅನುಮಾನ ಬಂತು. ಹದಿನೈದು ವರ್ಷದಿಂದ ಈ ಚಿತ್ರ ನೋಡ್ತಿದ್ದೀನಿ, ನನ್ನ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ. ಇದು ನಕಲಿ! ಬದಲಾಯಿಸಿದ್ದಾರೆ! ಆ ರಿಪೇರಿಯವಳ ಚೀಲ..."

ಹಾಗೆನ್ನುತ್ತಲೇ ಬಟ್ಟೆ ಸರಿಸಿ ಚಿತ್ರದ ಕಡೆ ಕೈ ತೋರಿಸಿದರು. ಆಮೇಲೆ, ತೋರಿಸಿದ ಕೈಯ ಹಿಂದೆ ಕಣ್ಣೂ ಹೋಯಿತು.

ಮಾತು ನಿಂತಿತು. ಹದಿನೈದು ವರ್ಷ ನೋಡಿದ ಕಣ್ಣು ಸುಳ್ಳು ಹೇಳಲಿಲ್ಲ. ಅವರು ಬಗ್ಗಿದರು, ಚಿತ್ರವನ್ನು ತಿರುಗಿಸಿ ಹಿಂದಿನ ಸೀಲು ನೋಡಿದರು, ಮತ್ತೆ ಮುಂದೆ ತಿರುಗಿಸಿದರು. ಕತ್ತಿನಿಂದ ಕೆಂಪು ಏರಿ ಕಿವಿಯ ತನಕ ಹೋಯಿತು. ಇನ್ಸ್‌ಪೆಕ್ಟರನ್ನು ಮರೆತರು, ಎಲ್ಲರನ್ನೂ ಮರೆತರು. ಮೇಜಿನ ಆಚೆ ನಿಂತಿದ್ದ ಭಾವನ ಕಡೆ ನಿಧಾನವಾಗಿ ತಲೆಯೆತ್ತಿದರು.

"ಮಾರಿಬಿಟ್ಟೆ ಅಂದ್ರಲ್ಲ ನೀವು!"

"ಮೇಡಂ, ಮೇಡಂ, ಸುಮ್ನಿರಿ..." ಭಾವನೂ ಚಿತ್ರ ನೋಡಿದ್ದರು. ಅವರ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚುತ್ತಿತ್ತು.

"ಹೊರದೇಶಕ್ಕೆ ಹೋಯ್ತು, ಇಷ್ಟೇ ಸಿಕ್ಕಿದ್ದು ಅಂತ ನನ್ನ ಕೈಗೆ ಚಿಲ್ಲರೆ ಹಾಕಿ, ಎರಡು ವರ್ಷ ಅಸಲಿನ ನಿಮ್ಮ ಹತ್ರನೇ ಇಟ್ಕೊಂಡಿದ್ರಾ? ನನಗೇ ಟೋಪಿ ಹಾಕಿದ್ರಾ?"

ಇನ್ಸ್‌ಪೆಕ್ಟರ್ ಊದಿದ ಕೆನ್ನೆಯಿಂದ ಕೈ ತೆಗೆದರು.

"ಏನು ಮಾರಿದ್ದು?" ಎಂದು ಕೇಳಿದರು. ಈ ಸಲ ಒಂದಕ್ಷರವೂ ತೊದಲಲಿಲ್ಲ.

ಭಾವ ಓಡಲು ನೋಡಿದರು. ಅದೂ ಎದುರುಬಾಗಿಲಿಗೆ. ಅದಕ್ಕೆ ಬೀಗ ಹಾಕಿದೆಯೆಂಬುದು ಗಾಬರಿಯಲ್ಲಿ ಮರೆತಿತ್ತು. ಬಾಗಿಲು ಎರಡು ಸಲ ಎಳೆದು, ತಿರುಗಿದಾಗ ಮೆಟ್ಟಿಲ ಬುಡದಲ್ಲಿ ಅಕ್ಕ ನಿಂತಿದ್ದಳು, ಏದುಸಿರು ಬಿಡುತ್ತ, ಬೇರೆ ಬೇರೆ ಚಪ್ಪಲಿ ಹಾಕಿಕೊಂಡು.

"ನೀನಾ?" ಎಂದರು ಭಾವ.

"ಕನ್ನಡಿ ತಂದೆ," ಎಂದಳು ಅಕ್ಕ. "ಮುಖ ನೋಡ್ಕೊಳ್ಳಿ."

ಜೀಪಿನಲ್ಲಿ ಕಾಯುತ್ತಿದ್ದ ಪೇದೆಗಳು ಬಂದು ಇಬ್ಬರನ್ನೂ ಕರೆದೊಯ್ದ ಮೇಲೆ ಇನ್ಸ್‌ಪೆಕ್ಟರ್ ಬಹಳ ಹೊತ್ತು ಹಸಿರು ಕಂಬಳಿಯನ್ನೇ ನೋಡುತ್ತ ಕೂತರು. ಅದು ಅಕ್ಕನ ಹೆಗಲ ಮೇಲಿತ್ತು.

"ಮೆಟ್ಟಿಲ ಮೇಲೆ ನಾನು ಹೊತ್ತು ತಂದದ್ದು ಹಲಗೆ ತಾನೇ ಅಮ್ಮಾ?"

ಅಕ್ಕ ಪುಟ್ಟ ತಂಗಿಯ ಕಡೆ ನೋಡಿದಳು. ಪುಟ್ಟಿಗೆ ಅಲ್ಲಿ ಒಂದು ಸುಲಭದ ದಾರಿ ಕಂಡಿತು. ಆದರೆ ಆ ಹೊತ್ತಿಗೆ ಅವಳಿಗೆ ಸುಳ್ಳು ಸಾಕಾಗಿಹೋಗಿತ್ತು. "ಎಲ್ಲ ಹೇಳ್ತೀನಿ ಸಾರ್. ನಾನೂ ಕದಿಯೋಕೇ ಬಂದಿದ್ದೆ," ಎಂದಳು. ಮೇಷ್ಟ್ರು ಅವಳ ಪಕ್ಕ ಬಂದು, ಹಾಜರಿ ಕೂಗಿದಾಗ ಎದ್ದ ಹುಡುಗನಂತೆ, "ನಾನೂ," ಎಂದರು.

ಸ್ಟೇಷನ್ನಿನಲ್ಲಿ ಹೇಳಿಕೆ ನಾಲ್ಕು ಹಾಳೆಯಾಯಿತು. ಹಲಗೆಯ ವಿಷಯ ಬಂದಾಗ ಇನ್ಸ್‌ಪೆಕ್ಟರ್ ಪೆನ್ನು ಎತ್ತಿ, ಯೋಚಿಸಿ, "ಚಿತ್ರವನ್ನು ಎರಡನೇ ಮಹಡಿಗೆ ತಲುಪಿಸಲಾಯಿತು" ಎಂದಷ್ಟೇ ಬರೆದರು. ಕೊನೆಗೆ, "ನಿಮ್ಮಂಥವರು ಇದಕ್ಕೆ ಯಾಕಮ್ಮಾ ಒಪ್ಪಿದ್ರಿ?" ಎಂದು ಕೇಳಿದರು. ಭಾವನ ತಾತನ ಕಥೆ ಹೇಳಬಹುದಿತ್ತು. ಪುಟ್ಟಿ ಕೈಯ ಗ್ರೀಸನ್ನು ಉಜ್ಜುತ್ತ, "ಚೆನ್ನಾಗಿತ್ತು ಸಾರ್," ಎಂದಳು. ಮೇಜಿನ ಕೆಳಗೆ ಅಕ್ಕ ಅವಳ ತೊಡೆ ಜಿಗುಟಿದಳು. ಇನ್ಸ್‌ಪೆಕ್ಟರ್ ಅದನ್ನೂ ಬರೆಯಲಿಲ್ಲ.

ಮುಂದೆ ಭಾವನಿಗೂ ಮೇಡಂಗೂ ಶಿಕ್ಷೆಯಾಯಿತು. ವಿಚಾರಣೆಯುದ್ದಕ್ಕೂ ಇಬ್ಬರೂ ಒಬ್ಬರ ಮೇಲೊಬ್ಬರು ಹೇಳಿದ್ದರಿಂದ ವಕೀಲರಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಪುಟ್ಟಿಗೂ ಮೇಷ್ಟ್ರಿಗೂ ಕೋರ್ಟು ಛೀಮಾರಿ ಹಾಕಿ, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಮ್ಯೂಸಿಯಮ್ಮಿನ ಲಿಫ್ಟಿನ ಕೆಲಸ ಅವಳ ಕೈತಪ್ಪಿತು. ಅದು ನ್ಯಾಯವೇ ಎಂದು ಅವಳೂ ಒಪ್ಪಿದಳು.

ಆದರೆ ಅದೆಲ್ಲ ತಿಂಗಳುಗಳ ನಂತರದ ಮಾತು. ಆ ಸೋಮವಾರ ಮಧ್ಯಾಹ್ನ ಅಕ್ಕತಂಗಿಯರು ಸ್ಟೇಷನ್ನಿನಿಂದ ಹೊರಗೆ ಬಂದಾಗ ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಬಸ್ಸು ನಿಲ್ದಾಣದ ಬೆಂಚಿನ ಮೇಲೆ ಕೂತರು. ಎರಡು ಬಸ್ಸು ಬಂದು ಹೋದವು. ಇಬ್ಬರೂ ಏಳಲಿಲ್ಲ.

"ಏನಂದೆ ಅವರ ಹತ್ರ? ಚೆನ್ನಾಗಿತ್ತಾ?" ಅಕ್ಕ ಕೇಳಿದಳು.

"ತಪ್ಪಾಯ್ತು ಅಕ್ಕ."

ಅಕ್ಕ ಮುಖ ಗಂಟಿಕ್ಕಿಕೊಂಡೇ ಎದುರಿನ ಅಂಗಡಿಗಳ ಕಡೆ ನೋಡಿದಳು. "ಮೆಟ್ಟಿಲ ಮೇಲೆ ಆ ಮನುಷ್ಯ ಭಾವ ಅಂದ ನೋಡು..." ಎಂದಳು. ತುಟಿ ಅದುರಿತು. ನಗು ಒತ್ತರಿಸಿಕೊಂಡು ಬಂತು. ಪುಟ್ಟಿಗೂ ಬಂತು. ಇಬ್ಬರೂ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ದಾರಿಹೋಕರು ತಿರುಗಿ ನೋಡುವಷ್ಟು. ನಗುನಗುತ್ತಲೇ ಅಕ್ಕನ ನಗು ಎಲ್ಲೋ ಒಂದು ಕಡೆ ಅಳುವಾಯಿತು. ಪುಟ್ಟಿ ಅಕ್ಕನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, ಮೂರನೆಯ ಬಸ್ಸನ್ನೂ ಹೋಗಲು ಬಿಟ್ಟಳು.

"ಈವತ್ತು ನಿಮ್ಮನೆಗೇ ಬರ್ತೀನಿ ಕಣೇ," ಎಂದಳು ಅಕ್ಕ ಸ್ವಲ್ಪ ಹೊತ್ತಾದ ಮೇಲೆ, ಮೂಗು ಒರೆಸಿಕೊಳ್ಳುತ್ತ. "ನಾಳೆ ಹೋಗಿ ಮೆಷೀನು ತರೋಣ. ಭಾರ ಇದೆ ಅದು."

"ನಾನಿದ್ದೀನಲ್ಲ," ಎಂದಳು ಪುಟ್ಟಿ, "ಭಾರ ಎತ್ತೋದೇ ನನ್ನ ಕೆಲಸ."